ಬೇಲಿಯಾಚೆಯ ಕೆಮ್ಮು

"ಮಳೆ ನಿಲ್ಲೋವರೆಗೂ ಆ ಹುಲ್ಲು ಮುಟ್ಟಬೇಡಪ್ಪ. ಮುಟ್ಟಿದ್ರೆ ನಿನ್ನ ಮನೆಗೆ ಬರತ್ತೆ."

ಬೇಲಿಯಾಚೆ ಕೊಡೆ ಹಿಡಿದು ನಿಂತಿದ್ದ ಪಕ್ಕದ ಮನೆಯ ನರ್ಸಜ್ಜಿ ಬೆಳಗ್ಗಿನಿಂದ ಇದನ್ನೇ ಹೇಳುತ್ತಿದ್ದಳು. ಬಾಡಿಗೆಗೆ ಬಂದು ವಾರವೂ ಆಗದ ಮೆಕ್ಯಾನಿಕ್‌ಗೆ ನಗು ತಡೆಯಲಾಗಲಿಲ್ಲ. ಏನು ಬರುತ್ತದೆ ಎಂದು ಕೇಳಿದ. ಯಾರೋ ಮಾಡಿಸಿದ ಮಾಟ, ಅಷ್ಟೇ ಅಂದಳು.

"ಬರಲಿ ಬಿಡಿ ಅಜ್ಜಿ, ಕುರ್ಚಿ ಹಾಕಿ ಕೂರಿಸ್ತೀನಿ."

ಹುಲ್ಲು ಕೊಯ್ಯುವ ಯಂತ್ರದ ಹಗ್ಗ ಎಳೆದ. ಅದು ಗುರ್ರೆಂದಿತು.

ಹುಲ್ಲು ಸೊಂಟದೆತ್ತರ ಬೆಳೆದಿತ್ತು. ಒಳಗೆ ಹಾವೋ ಚೇಳೋ ಇದ್ದರೆ ಪುಟ್ಟಿ ಆಡುವುದೆಲ್ಲಿ? ಮಗಳಿಗೆಂದೇ ಅವನು ಅಂಗಳವಿರುವ ಮನೆ ಹುಡುಕಿದ್ದ. ಮುದುಕಿಗೆ ಈ ಜಾಗದ ಮೇಲೆ ಕಣ್ಣಿರಬೇಕು. ಇಲ್ಲದಿದ್ದರೆ ಇಷ್ಟು ಮಳೆಯಲ್ಲಿ, ರೆಪ್ಪೆಯನ್ನೂ ಬಡಿಯದೆ, ಯಾಕೆ ನಿಂತಿದ್ದಾಳೆ?

ಒದ್ದೆ ಹುಲ್ಲು ಬ್ಲೇಡಿಗೆ ಸುತ್ತಿಕೊಂಡು ಯಂತ್ರ ನಿಂತಿತು. ಆ ಮೌನದಲ್ಲಿ ಅಜ್ಜಿಯ ಮನೆಯೊಳಗಿಂದ ಕೆಮ್ಮು ಕೇಳಿತು. ವರ್ಷದಿಂದ ಹಾಸಿಗೆ ಹಿಡಿದ ಮೊಮ್ಮಗನದು. ಒಣ ಕೆಮ್ಮಲ್ಲ. ನೀರು ತುಂಬಿದ ಕೊಡದೊಳಗೆ ಯಾರೋ ಉಸಿರಾಡಿದಂತೆ.

ಯಂತ್ರ ಮಗುಚಿ, ಕೈಹಾಕಿ, ಹುಲ್ಲಿನ ಮುದ್ದೆ ಕಿತ್ತೆಸೆದ. ಹಸಿ ವಾಸನೆಯ ಅಡಿಯಲ್ಲಿ ಇನ್ನೊಂದು ನಾತವಿತ್ತು, ಜ್ವರದ ಮಗುವಿನ ದಿಂಬಿನದು. ಮತ್ತೆ ಹಗ್ಗ ಎಳೆದ. ಸ್ವಲ್ಪದರಲ್ಲೇ ಮತ್ತೆ ಸಿಕ್ಕಿಕೊಂಡಿತು. ಈ ಸಲ ಕೆಮ್ಮು ಸಣ್ಣಗಾಗಿತ್ತು. ಅಜ್ಜಿ ಕೊಡೆ ಮಡಚಿದ್ದಳು. ಮುಖದ ಮೇಲೆ ಮಳೆ ಸುರಿಯುತ್ತಿತ್ತು, ಕಿವಿ ಮಾತ್ರ ಮನೆಯ ಕಡೆ.

"ನಿಲ್ಲಿಸಪ್ಪ, ಸಾಕು" ಅಂದಳು. ದನಿಯಲ್ಲಿ ಒತ್ತಾಯವೇ ಇರಲಿಲ್ಲ. ಪಾಠ ಒಪ್ಪಿಸಿದಂತಿತ್ತು.

ಅವನ ಮನಸ್ಸಿಗೆ ಏನೋ ಚುಚ್ಚಿತು. ಆದರೆ ಉಳಿದಿದ್ದು ಒಂದೇ ಮೂಲೆ. ಯಂತ್ರ ನೂಕಿದ. ಟಪ್. ಬ್ಲೇಡಿಗೆ ಏನೋ ಬಡಿಯಿತು. ಯಂತ್ರ ನಿಂತಿತು. ಕೈಹಾಕಿದ. ಬಟ್ಟೆ. ಮಗುವಿನ ಕರ್ಚೀಫು. ಕರಿದಾರದ ಗಂಟು, ನಡುವೆ ಸೀಳಿತ್ತು. ಒಳಗೆ ಕೂದಲು. ಬೆಚ್ಚಗಿತ್ತು.

ಅಜ್ಜಿಯ ಮನೆ ನಿಶ್ಶಬ್ದ.

ಕೆಮ್ಮು ಅವನ ಬೆನ್ನ ಹಿಂದೆ ಕೇಳಿತು. ಅವನ ಮನೆಯೊಳಗೆ. ಅದೇ ಕೊಡದೊಳಗಿನ ಉಸಿರು. ಪುಟ್ಟಿ.

"ಹೇಳಿದ ಮೇಲೂ ಕೊಯ್ದವರ ಮನೆಗೇ ಅದು ಹೋಗೋದು." ಅಜ್ಜಿ ಅಳುತ್ತಿದ್ದಳು. "ಗೊತ್ತಿಲ್ದೆ ಕೊಯ್ದವರಿಗೆ ಹೋಗಲ್ಲ. ಅದಕ್ಕೇ ಹೇಳ್ದೆ ಕಣಪ್ಪ. ಖಾಲಿ ಮನೆ ಅಂತ ಮೊಮ್ಮಗನ ಕರ್ಚೀಫು ನಾನೇ ಅಲ್ಲಿ ಹೂತಿದ್ದು. ನಂಗೂ ಯಾರೋ ಹೀಗೇ ಹೇಳಿದ್ರು, ನಾನೂ ನಕ್ಕಿದ್ದೆ."

ಮುಂದಿನ ಮಳೆಗಾಲಕ್ಕೆ ಹುಲ್ಲು ಮತ್ತೆ ಸೊಂಟ ಮುಟ್ಟಿತು. ಅದರ ಬುಡದಲ್ಲಿ ಪುಟ್ಟಿಯ ಕರ್ಚೀಫನ್ನು ಮೆಕ್ಯಾನಿಕ್ ತಾನೇ ಕರಿದಾರದಲ್ಲಿ ಬಿಗಿದು ಹೂತಿದ್ದ. ಪುಟ್ಟಿಯನ್ನು ನೋಡಲು ಹೆಂಡತಿಯ ತಮ್ಮ ಬಂದ, ಕಂಕುಳಲ್ಲಿ ತನ್ನ ಕೂಸು. ಅಂಗಳ ನೋಡಿ ಮೂಗು ಮುರಿದ.

"ಏನ್ ಬಾವ, ಕಾಡು ಸಾಕ್ತಿದ್ದೀರಾ? ಎಲ್ಲಿ ಆ ಯಂತ್ರ, ನಾನೇ ಹೊಡೆದು ಹಾಕ್ತೀನಿ."

ಒಳಗೆ ಪುಟ್ಟಿ ಕೆಮ್ಮಿದಳು. ಮೆಕ್ಯಾನಿಕ್ ಕೂಸಿನ ಕೆನ್ನೆ ನೋಡಿದ. ನೋಡಬಾರದಿತ್ತು.

"ಬೇಡ ಕಣೋ. ಮಳೇಲಿ ಮುಟ್ಟಬೇಡ. ಮುಟ್ಟಿದ್ರೆ ನಿನ್ನ ಮನೆಗೆ ಬರತ್ತೆ."

ಬಾವಮೈದ ಹೊಟ್ಟೆ ಹಿಡಿದು ನಕ್ಕ. ಕೂಸನ್ನು ಬಾವನ ಕೈಗಿತ್ತು ಹಗ್ಗ ಹಿಡಿದ. ಒಂದೇ ಎಳೆತಕ್ಕೆ ಯಂತ್ರ ಶುರುವಾಯಿತು. ಬೆಳಗ್ಗೆಯೇ ಮೆಕ್ಯಾನಿಕ್ ಬ್ಲೇಡಿಗೆ ಸಾಣೆ ಹಿಡಿದು, ಪೆಟ್ರೋಲ್ ತುಂಬಿಸಿಟ್ಟಿದ್ದ.

ಹೆಗಲ ಮೇಲೆ ಕೂಸು ಸದ್ದಿಲ್ಲದೆ ಉಸಿರಾಡುತ್ತಿತ್ತು. ಅವನು ಮಳೆಯಲ್ಲಿ ನಿಂತ, ಕಿವಿ ಮಾತ್ರ ಮನೆಯ ಕಡೆ.