ಶೈಲಜಮ್ಮನ ಮನೆಯ ಸಪ್ಪೆ ಸಾರು

"ಅಮ್ಮನಿಗೆ ಅದು ಹಾಕ್ಬೇಡಿ."

ಉಪ್ಪಿನಕಾಯಿ ಬಡಿಸುತ್ತಿದ್ದ ಶಿವರಂಜಿನಿಯ ಕೈ ಅಲ್ಲೇ ನಿಂತಿತು. ಚಾಮರಾಜಪೇಟೆಯ ನೆಂಟರ ಮನೆಯ ಗೃಹಪ್ರವೇಶದ ಊಟ. ತಲೆಯೆತ್ತಿದರೆ, ಅಪ್ಪನ ಹಳೆಯ ಪರಿಚಯದ ಶೈಲಜಮ್ಮನ ಪಕ್ಕದ ಎಲೆಗೆ ಕೂತಿದ್ದ ಅವರ ಮಗ ಗೌರೀಶ್. ಎಷ್ಟು ಶಾಂತವಾದ ಕಣ್ಣುಗಳು...

ಅಷ್ಟರಲ್ಲಿ ಅವನು ತಾಯಿಯ ಎಲೆಯ ಹಪ್ಪಳವನ್ನೂ ಎತ್ತಿ ಬದಿಗಿಟ್ಟ.

"ಇಂಥ ದಿನಾನೂ ಅಮ್ಮನಿಗೆ ಬಾಯಿರುಚಿ ಬೇಡ್ವಾ? ನೀವು ಮಾತ್ರ ಚೆನ್ನಾಗಿ ತಿನ್ನಿ," ಎಂದು ಚುಚ್ಚಿ ಮುಂದಕ್ಕೆ ಹೋದಳು.

ಎಂಥ ಕಲ್ಲುಮನಸ್ಸು ಇವನದು... ಅಂದುಕೊಂಡಳು. ಆದರೂ ಆ ಕಣ್ಣುಗಳು ಮನೆಯವರೆಗೂ ಜೊತೆಗೇ ಬಂದವು.

ಕೆಲವೇ ದಿನಗಳಲ್ಲಿ, ಮಾಮೂಲ್‌ಪೇಟೆಯ ಅಂಗಡಿಯಲ್ಲಿ ಅವಳ ತಂದೆ ವೀರಭದ್ರಯ್ಯ ತಲೆಸುತ್ತಿ ಬಿದ್ದರು. ಬಿಪಿ ವಿಪರೀತ ಏರಿತ್ತು. ಉಪ್ಪು, ಎಣ್ಣೆ ಕಡಿಮೆ ಮಾಡಲೇಬೇಕು ಎಂದರು ಡಾಕ್ಟರು. ತಾಯಿಯಿಲ್ಲದ ಮನೆ, ಅಡುಗೆಯೆಲ್ಲ ಅವಳದೇ. ಅಪ್ಪನಿಗೆಂದು ಬೇರೆ ಪಾತ್ರೆಯಲ್ಲಿ ಉಪ್ಪಿಲ್ಲದ ಬೇಳೆ ಬೇಯಿಸಿದಳು.

ವೀರಭದ್ರಯ್ಯ ಒಂದು ತುತ್ತು ತಿಂದು ತಟ್ಟೆ ಸರಿಸಿದರು. "ನಿನ್ನ ತಟ್ಟೆ ಸಾರಿನ ಘಮ ಇಲ್ಲಿವರೆಗೂ ಬರುತ್ತೆ ಕಣಮ್ಮ. ಇದನ್ನ ಹೇಗೆ ನುಂಗ್ಲಿ?"

ಅಪ್ಪ ಹೀಗೇ ಊಟ ಬಿಟ್ಟರೆ...? ಅವಳಿಗೆ ಅಳು ತಡೆಯಲಾಗಲಿಲ್ಲ.

ಸುದ್ದಿ ತಿಳಿದ ಶೈಲಜಮ್ಮ ಭಾನುವಾರ ಅವಳನ್ನು ಊಟಕ್ಕೆ ಕರೆದರು. ಒಲ್ಲದ ಮನಸ್ಸಿನಿಂದ ಹೋದವಳಿಗೆ ಬಾಗಿಲಲ್ಲೇ ಹುರಿದ ಜೀರಿಗೆಯ ಘಮ. ಒಲೆಯ ಮುಂದೆ ಗೌರೀಶ್!

ಹೀರೇಕಾಯಿ ಸಾರಿಗೆ ಜೀರಿಗೆ, ಮೆಣಸು ಕುಟ್ಟಿ ಹಾಕಿದ. ಒಲೆ ಆರಿಸಿ ಚಿಟಿಕೆ ಉಪ್ಪು, ಮೇಲೆ ನಿಂಬೆರಸ, ಕೊತ್ತಂಬರಿ ಸೊಪ್ಪು. ಎಣ್ಣೆ ಹೆಸರಿಗಷ್ಟೇ.

ಒಂದು ತುತ್ತು ಬಾಯಿಗಿಟ್ಟು ಅವಳು ಬೆರಗಾದಳು. ಇಷ್ಟೇ ಉಪ್ಪಿನಲ್ಲಿ ಇಷ್ಟೊಂದು ರುಚಿಯೇ?

"ನಿಮ್ಮ ಊಟ?" ಎಂದು ಅವನನ್ನು ಕೇಳಿದಳು.

"ಇದೇ."

"ನನಗೆ ಬಿಪಿ ಬಂದಾಗಿಂದ ಇವನಿಗೂ ಇದೇ ಕಣಮ್ಮ," ಎಂದರು ಶೈಲಜಮ್ಮ. "ಅವತ್ತು ಗೃಹಪ್ರವೇಶದಲ್ಲೂ ಉಪ್ಪಿನಕಾಯಿ ಮುಟ್ಲಿಲ್ಲ."

"ಬೇರೆ ಪಾತ್ರೆ ಇಟ್ರೆ, ಪ್ರತಿ ಊಟಕ್ಕೂ ಅಮ್ಮನಿಗೆ ತಾನು ರೋಗಿ ಅಂತ ನೆನಪಾಗುತ್ತೆ ರೀ," ಎಂದ ಗೌರೀಶ್, ಬಲು ಸಹಜವಾಗಿ.

ಶಿವರಂಜಿನಿ ದೇವರ ಮುಂದೆ ನಿಂತವಳಂತೆ ಅವನನ್ನೇ ನೋಡಿದಳು. ಪ್ರೀತಿ ಹೀಗೂ ಇರುತ್ತದೆಯೇ... ಸದ್ದಿಲ್ಲದೆ, ದಿನವೂ, ಒಂದು ಸೌಟು ಸಾರಿನಲ್ಲಿ?

"ಅವತ್ತು ಏನೇನೋ ಅಂದ್ಬಿಟ್ಟೆ. ಕ್ಷಮಿಸಿ. ನನಗೂ ಕಲಿಸ್ತೀರಾ?"

ಅವನು ಕಲಿಸಿದ. ಮರುದಿನ ಅವಳು ಒಂದೇ ಪಾತ್ರೆಯಲ್ಲಿ ಅಡುಗೆ ಮಾಡಿ ಅಪ್ಪನ ಜೊತೆ ಉಂಡಳು. ವೀರಭದ್ರಯ್ಯ ಇನ್ನೊಂದು ಸೌಟು ಹಾಕಿಸಿಕೊಂಡರು.

ಹೊಸ ಅಡುಗೆ ಕಲಿಯಲು ಅವಳು ಅವರ ಮನೆಗೆ ಹೋಗುತ್ತ ಭಾನುವಾರಗಳು ಉರುಳಿದವು. ಅಪ್ಪನ ಬಿಪಿ ಇಳಿಯಿತು. ಗೌರೀಶನಿಗೆ ಆ ಸುದ್ದಿ ಹೇಳಿದಾಗ ಅವನು ನಕ್ಕ. ಆದರೆ ದನಿ ಸಣ್ಣದಾಯಿತು.

"ಇನ್ನು ಕಲಿಯೋಕೇನೂ ಉಳಿದಿಲ್ಲ. ಬರೋದು ನಿಲ್ಲಿಸ್ತೀರೇನೋ..."

"ಕಲಿಯೋದು ಯಾವತ್ತೋ ಮುಗೀತು ಗೌರೀಶ್. ನಾನು ಬರ್ತಿದ್ದಿದ್ದು ನಿಮ್ಮನ್ನ ನೋಡೋಕೆ."

ಅವನ ಕೈಯಲ್ಲಿದ್ದ ಸೌಟು ನಿಂತಿತು.

"ಈ ಮನೇಗೆ ಬರೋರಿಗೂ ಜೀವನಪೂರ್ತಿ ಇದೇ ಊಟ. ಅದಕ್ಕೇ ಕೇಳೋಕೆ ಹೆದರ್ತಿದ್ದೆ."

"ಕೇಳಿ ನೋಡಿ," ಎಂದಳು. ಕಣ್ಣು ತುಂಬಿತ್ತು.

"ನನ್ನ ಜೊತೆ ಇರ್ತೀರಾ, ಶಿವರಂಜಿನಿ?"

"ಇರ್ತೀನಿ. ನಮ್ಮಪ್ಪನಿಗೂ ಸೇರಿಸಿ ಸಾರು ಮಾಡ್ತೀರಾ?"

"ಇಬ್ರೂ ಸೇರಿ ಮಾಡೋಣ."