ಕೀ ಕೈಗೆ ಬಂದರೂ ನಿಲ್ಲದ ಜೀಪು

"ರೀ, ಅರ್ಧ ಗಂಟೆಯಿಂದ ಹೊಡ್ಕೋತಾ ಐತಲ್ಲ... ಆಫ್ ಮಾಡ್ರೀ ಅದನ್ನ!"

ಹಳ್ಳದ ದಂಡೆಯ ಪಂಪ್‌ಸೆಟ್ ಬಿಟ್ಟು ಕೂಗುತ್ತಲೇ ರಸ್ತೆಗೆ ಹತ್ತಿ ಬಂದ ಚಂದ್ರಿಕಾ, ಜೀಪಿನ ಬಾನೆಟ್ ಹಿಂದಿನಿಂದ ಮೇಲೆದ್ದ ಮುಖ ಕಂಡು ನಿಂತೇಬಿಟ್ಟಳು.

ದೇವೇಂದ್ರ!

ಎರಡು ತಿಂಗಳು ಫೋನಿನಲ್ಲಿ ನೋಡಿದ ಮುಖ. ಹೋದ ಭಾನುವಾರ ಕಿಟಕಿಯ ಸಂದಿಯಿಂದ ನೋಡಿದ ಮುಖ. ಈಗ ಮೂರಡಿ ದೂರದಲ್ಲಿ ಮಸಿ ಮೆತ್ತಿಕೊಂಡು ನಿಂತಿದೆ. ಅವಳ ಎದೆ ಡವಡವ ಎಂದಿತು. ಅದು ಸಿಟ್ಟೋ ಇನ್ನೇನೋ, ಬಿಡಿಸಿ ನೋಡುವ ವ್ಯವಧಾನ ಅವಳಿಗಿರಲಿಲ್ಲ.

"ಚಂದ್ರಿಕಾ... ನಿಮ್ಮ ಮನೆಗೇ ಬರ್ತಿದ್ದೆ."

"ಯಾಕೆ? ಹೋದ್ವಾರ ಮಾಡಿದ ಮರ್ಯಾದೆ ಸಾಲ್ಲಿಲ್ವಾ?"

ಕುಂದೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು ಅವನು. ಹೆಗ್ಗದ್ದೆಯಲ್ಲಿ ಅಪ್ಪನ ಆರೆಕರೆ ಕಾಫಿ ನೋಡಿಕೊಳ್ಳುವವಳು ಇವಳು. ನೆಂಟರು ಫೋಟೋ ಕೊಟ್ಟು ತೆಗೆದುಕೊಂಡ ಮೇಲೆ ಇಬ್ಬರೂ ದಿನಾ ಮಾತಾಡಿದ್ದರು. ನಿಜ ಹೇಳಬೇಕೆಂದರೆ, ಹೆಣ್ಣು ನೋಡುವ ಶಾಸ್ತ್ರ ಎಂಬುದು ಬರೀ ಶಾಸ್ತ್ರಕ್ಕಷ್ಟೇ ಉಳಿದಿತ್ತು.

ಆ ಭಾನುವಾರ ಇದೇ ಜೀಪು ಗೇಟಿನ ಮುಂದೆ ಬಂದು ನಿಂತಿತು. ಅವನ ಸೋದರಮಾವ ಜವರಪ್ಪ ಒಬ್ಬರೇ ಇಳಿದು ಬಂದರು. "ಹುಡುಗನಿಗೆ ಅರ್ಜೆಂಟ್ ಕೆಲಸ ಐತೆ, ಇನ್ನೊಂದಿನ ಬರ್ತೀವಿ" ಎಂದು ನಿಂತುಕೊಂಡೇ ಕಾಫಿ ಕುಡಿದರು. ಹುಡುಗ ಇಳಿಯಲಿಲ್ಲ. ಇಂಜಿನ್ ಕೂಡ ಆರಿಸಲಿಲ್ಲ!

ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ಚಂದ್ರಿಕಾಳ ಕಿವಿಯಲ್ಲಿ ಆ ಸದ್ದು ವಾರವಿಡೀ ಓಡುತ್ತಲೇ ಇತ್ತು. ಅಂದೇ ಅವನ ನಂಬರ್ ಬ್ಲಾಕ್ ಮಾಡಿದಳು. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ" ಎಂದು ಅವ್ವ ಗಂಗಾಮಣಿ ಮರುದಿನವೇ ಯಸಳೂರಿನ ಇನ್ನೊಂದು ಸಂಬಂಧಕ್ಕೆ ಮಾತು ಕೊಟ್ಟಳು. ಅವರು ಬರುವುದು ಇವತ್ತು ನಾಲ್ಕು ಗಂಟೆಗೆ. ಒಪ್ಪಿದರೆ ಅಲ್ಲೇ ತಾಂಬೂಲ.

ಚಂದ್ರಿಕಾ ಹಠಕ್ಕೆ ಬಿದ್ದು "ಆಯ್ತು" ಎಂದಿದ್ದಳು. ಬೆಳಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಾಫಿ ಹೂವಿಗೆ ನೀರು ಹೊಡೆಯುವ ನೆಪದಲ್ಲಿ ಹಳ್ಳಕ್ಕೆ ಬಂದು ಕೂತಿದ್ದಳು.

"ಅವತ್ತು ಇಳಿಯೋಕೆ ಆಗ್ಲಿಲ್ಲ ಕಣ್ರೀ," ದೇವೇಂದ್ರ ಅಂಗೈ ಚಾಚಿದ. ಜೀಪಿನ ಕೀ ಅವನ ಅಂಗೈಯಲ್ಲಿತ್ತು. ಜೀಪು ಮಾತ್ರ ದಡದಡ ಎನ್ನುತ್ತಲೇ ಇತ್ತು. "ಇದು ಆಫೇ ಆಗಲ್ಲ. ಅಪ್ಪನ ಕಾಲದ್ದು. ಹ್ಯಾಂಡ್‌ಬ್ರೇಕೂ ಹಿಡಿಯಲ್ಲ. ನಿಮ್ಮ ಗೇಟ್ ಮುಂದೆ ಇಳಿಜಾರು. ಬ್ರೇಕ್ ಮೇಲಿಂದ ಕಾಲು ತೆಗೆದ್ರೆ ಜೀಪು ಸೀದಾ ನಿಮ್ಮ ಅಂಗಳಕ್ಕೆ."

"ಅಷ್ಟು ಹೇಳೋಕೇನಾಗಿತ್ತು? ಚಕ್ರಕ್ಕೆ ಎರಡು ಕಲ್ಲು ಕೊಡ್ತಿದ್ವಲ್ಲ."

"ಮಾವ ಬಾಯಿ ಮುಚ್ಚಿಸಿದ್ರು. ಹೆಣ್ಣು ನೋಡೋಕೆ ಹೋದಾಗ ಗಾಡಿ ಕೆಟ್ಟೈತೆ ಅಂದ್ರೆ ಅಪಶಕುನ ಅಂತಾರೆ, ಸಂಬಂಧಾನೇ ಮುರಿದು ಹೋಗ್ಬುಡ್ತದೆ ಅಂದ್ರು."

ಅಪಶಕುನಕ್ಕೆ ಹೆದರಿ ಸಂಬಂಧವನ್ನೇ ಕೈಯಾರೆ ಮುರಿದುಕೊಂಡ ಜಾಣರು ಇವರು!

"ಸಂಜೆ ಫೋನ್ ಮಾಡಿ ಎಲ್ಲಾ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ಬ್ಲಾಕ್ ಮಾಡ್ಬುಟ್ರಿ."

ಚಂದ್ರಿಕಾ ಅವನ ಅಂಗೈಯ ಕೀ ನೋಡಿದಳು. 'ಇದು ನಿಜವಾ? ಇಲ್ಲ ಇನ್ನೊಂದು ನೆಪವಾ? ಮನುಷ್ಯ ಸುಳ್ಳು ಹೇಳಬಹುದು, ಇಂಜಿನ್ ಹೇಳಲ್ಲ...' ಅವಳು ದುಪಟ್ಟಾ ಸೊಂಟಕ್ಕೆ ಸುತ್ತಿ ಬಾನೆಟ್ ಒಳಗೆ ಬಗ್ಗಿದಳು.

"ಡೀಸೆಲ್ ಇಂಜಿನ್ ಕೀ ಮಾತು ಕೇಳಲ್ಲ ಮೇಷ್ಟ್ರೇ. ಒಂದ್ಸಲ ಹೊತ್ತಿಕೊಂಡ್ರೆ ಅದಕ್ಕೆ ಕರೆಂಟೇ ಬೇಡ. ಡೀಸೆಲ್ ನಿಲ್ಲಿಸ್ಬೇಕು. ಸೀಟಿನ ಮುಂದೆ ಎಳೆಯೋ ಗುಂಡಿ ಇರ್ಬೇಕಲ್ಲ?"

"ಐತೆ. ಎಳೆದ್ರೆ ಸುಮ್ನೆ ಕೈಗೇ ಬರ್ತದೆ."

"ಎಳೀರಿ, ನೋಡಾಣ."

ಅವನು ಎಳೆದ. ವೈರು ಸರಿದಾಡಿತು, ಡೀಸೆಲ್ ನಿಲ್ಲಿಸುವ ಲಿವರ್ ಅಲುಗಲಿಲ್ಲ. ವೈರು ಹೊಸದು, ಹೊಳೆಯುತ್ತಿತ್ತು. ಅದರ ತುದಿಯನ್ನು ಹಿಡಿಯಬೇಕಿದ್ದ ಸ್ಕ್ರೂ ಸಡಿಲಾಗಿ ವೈರು ಕಳಚಿ ಬಿದ್ದಿತ್ತು. ಪಕ್ಕದಲ್ಲೇ ತುಕ್ಕು ಹಿಡಿದ ಹಳೆಯ ವೈರಿನ ಮುರಿದ ಚೂರು ಇನ್ನೂ ನೇತಾಡುತ್ತಿತ್ತು.

ಹಾಗಾದರೆ ಹೋದ ವಾರ... ಅವನು ಸುಳ್ಳು ಹೇಳಿರಲಿಲ್ಲ.

ಚಂದ್ರಿಕಾ ಬೆರಳಿನಿಂದ ಲಿವರ್ ಒತ್ತಿ ಹಿಡಿದಳು. ಜೀಪು ಎರಡು ಸಲ ಕೆಮ್ಮಿ, ಮೈಯೆಲ್ಲ ಕುಲುಕಿ, ನಿಂತಿತು.

ಕೆಳಗೆ ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುವುದು ಆಗ ಕೇಳಿಸಿತು. ಅವಳು ಬಗ್ಗಿದವಳು ಮೇಲೇಳಲಿಲ್ಲ. ಕಣ್ಣು ತುಂಬಿತ್ತು.

"ಅವತ್ತು ಹೆಂಗೆ ನಿಲ್ಲಿಸಿದ್ರಿ?"

"ನಾನೆಲ್ಲಿ ನಿಲ್ಲಿಸ್ಲಿ... ಊರು ಮುಟ್ಟಿದ ಮೇಲೆ ಡೀಸೆಲ್ ಮುಗಿದು ಅದೇ ನಿಂತ್ಕೊಳ್ತು."

ನಗು ಬಂತು. ತಡೆದುಕೊಂಡಳು. "ಇವತ್ತು ಬಸ್ಸಿಗೆ ಬರಬಹುದಿತ್ತಲ್ಲ?"

"ಬರೀ ಬಾಯಿ ಮಾತಿಗೆ ನೀವು ನಂಬಲ್ಲ ಅನ್ನಿಸ್ತು. ರಿಪೇರಿ ಮಾಡಿಸಿದ ಬಿಲ್ಲು, ಮುರಿದ ವೈರು, ಜೀಪು, ಎಲ್ಲಾ ಹಾಜರುಪಡಿಸೋಣ ಅಂತ ಬಂದೆ. ನಿಮ್ಮ ಗೇಟಿಗೆ ಮುಂಚೆ ಈ ಏರಿನಲ್ಲೇ ಒಂದ್ಸಲ ಆಫ್ ಮಾಡಿ ನೋಡಿದೆ, ಮತ್ತೆ ಕೈಕೊಡ್ತು." ಅವನು ನೆಲ ನೋಡಿದ. "ಏಳು ದಿನ ಆಯ್ತು ಚಂದ್ರಿಕಾ. ಬೋರ್ಡ್ ಮೇಲೆ ಲೆಕ್ಕ ಬರೆಯೋಕೆ ಹೋಗಿ ನಿಮ್ಮ ಹೆಸರು ಬರೆದಿದ್ದೆ. ಹತ್ತನೇ ಕ್ಲಾಸಿನವರು ಇನ್ನೂ ನಗ್ತಾವ್ರೆ. ನೀವಂದ್ರೆ ನಂಗೆ ಪ್ರಾಣ. ಬೇಡ ಅಂದ್ರೆ ಹೇಳ್ಬುಡಿ, ಹೋಗ್ತೀನಿ."

"ನಾಲ್ಕು ಗಂಟೆಗೆ ಬೇರೆಯವರು ಬರ್ತಾವ್ರೆ," ಎಂದಳು. "ತಾಂಬೂಲಕ್ಕೆ."

ಅವನ ಮುಖ ಬಿಳುಚಿಕೊಂಡಿತು. ಜೀಪು ಉರುಳದಿರಲೆಂದು ಚಕ್ರಕ್ಕೆ ಕೊಟ್ಟಿದ್ದ ಕಲ್ಲು ತೆಗೆಯಲು ಬಗ್ಗಿದ.

ಅವನ ಬಗ್ಗಿದ ಬೆನ್ನು ನೋಡುತ್ತ ಚಂದ್ರಿಕಾ ಒಂದು ಹೆಜ್ಜೆ ಮುಂದಿಟ್ಟಳು. 'ಈಗ ಸುಮ್ಮನಿದ್ದರೆ ಜೀವಮಾನವಿಡೀ ಸುಮ್ಮನಿರಬೇಕು.' ಮಸಿ ಕೈಯಲ್ಲೇ ಫೋನ್ ತೆಗೆದಳು.

"ಅವ್ವಾ, ಯಸಳೂರಿನವ್ರಿಗೆ ಬರೋದು ಬ್ಯಾಡ ಅಂತ ಹೇಳ್ಬುಡು... ಹೂಂ, ಈಗ್ಲೇ... ಅವರದೇನೂ ತಪ್ಪಿಲ್ಲ ಕಣವ್ವ, ತಪ್ಪು ನಂದು. ಮನಸ್ಸಿಲ್ಲದೆ ಆಯ್ತು ಅಂದ್ಬುಟ್ಟೆ... ದೇವೇಂದ್ರ ಇಲ್ಲೇ ಅವ್ರೆ. ಕರ್ಕೊಂಡು ಬರ್ತಾ ಇದೀನಿ."

ಆ ಕಡೆಯ ಗದ್ದಲ ಅವನಿಗೂ ಕೇಳಿಸುವಷ್ಟಿತ್ತು. ಅವನು ಕಲ್ಲು ಅಲ್ಲೇ ಬಿಟ್ಟು ಎದ್ದು ನಿಂತ.

"ಏನಂದ್ರು?"

"ಚೆನ್ನಾಗಿ ಬೈದ್ಲು. ನಿಮಗೆ ಬೇರೆ ಬೈಗುಳ ಇಟ್ಟವ್ಳೆ. ನಡೀರಿ, ಗಾಡಿ ಇಲ್ಲೇ ಇರ್ಲಿ."

ಅವನು ಹಿಂದೆಯೇ ನಾಲ್ಕು ಹೆಜ್ಜೆ ಇಟ್ಟು ಅಳುಕುತ್ತ ಕೇಳಿದ. "ಗಾಡಿ ಕೆಟ್ಟಿತ್ತು ಅಂತ ಗೊತ್ತಾದ ಮೇಲೆ... ನಿಮ್ಮನೇಲಿ ಒಪ್ತಾರಾ?"

"ಅವ್ವ ಒಪ್ಪೋಕೆ ಒಂದೆರಡು ದಿನ ಆಗ್ಬಹುದು," ಎಂದಳು ಚಂದ್ರಿಕಾ, ಹಿಂದಕ್ಕೆ ಕೈ ಚಾಚುತ್ತ. "ನಾನು ಒಪ್ಪಿ ಎರಡು ತಿಂಗಳಾಯ್ತು."