ಬೀಗದ ಮನೆಯ ತಾವರೆ

ಬಟವಾಡಿಯ ನಮ್ಮ ರಸ್ತೆಯಲ್ಲಿ ರಂಗನಾಥ್ ಮೇಷ್ಟ್ರು ಹಾಕಿದ ಕೂಗಿಗೆ, ಗುಬ್ಬಿಯಲ್ಲಿ ನಿಂತಿದ್ದ ರೈಲು ಸಿಗ್ನಲ್ ಕಾಯದೆ ಹೊರಟುಬಿಟ್ಟಿತು. ಉತ್ಪ್ರೇಕ್ಷೆ ನನ್ನ ಜಾಯಮಾನವಲ್ಲ. ತುಮಕೂರು–ಕುಣಿಗಲ್ ರೂಟಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದ ಗೋವಿಂದರಾಜು ನಾನು. ಮುಖ ನೋಡಿ ಇಳಿಯುವ ಸ್ಟಾಪು ಹೇಳುತ್ತಿದ್ದವನು.

ಓಡಿದೆ. ಹಿಂಬಾಗಿಲ ಚಿಲಕ ಮೀಟಿದ್ದರು. ಬೀರು ಬಾಯಿ ತೆರೆದಿತ್ತು. ಬೆಳ್ಳಿ ದೀಪಗಳಿಲ್ಲ, ಮೇಷ್ಟ್ರ ಹೆಂಡತಿಯ ಸರವಿಲ್ಲ. ಅತ್ತೆಗೆ ಹುಷಾರಿಲ್ಲವೆಂದು ಮೇಷ್ಟ್ರ ಸಂಸಾರ ಅಮೃತೂರಿಗೆ ಹೋಗಿ ಎರಡೇ ದಿನವಾಗಿತ್ತು.

ಒಂದೇ ತಿಂಗಳಲ್ಲಿ ಮೂರನೇ ಕಳ್ಳತನ. ಮೂರೂ ಬೀಗ ಹಾಕಿದ ಮನೆಗಳು. ಮೂರೂ ಮಟಮಟ ಮಧ್ಯಾಹ್ನ.

"ಬೀಟ್ ಪೊಲೀಸ್ಗೆ ಹೇಳಿ ಹೋಗಿದ್ರಲ್ಲಾ ಮೇಷ್ಟ್ರೇ, ಅನುಭವ್ಸಿ!" ಎಂದ ಮೋಹನ್‌ಕುಮಾರ್. ಅವನದು ಸಿ.ಸಿ. ಕ್ಯಾಮೆರಾ ಅಂಗಡಿ. ಜೊತೆಗೆ ಸೆಕ್ಯೂರಿಟಿ ಗಾರ್ಡ್‌ಗಳನ್ನು ಕಳಿಸುವ ಏಜೆನ್ಸಿ. "ಊರಿಗೆ ಹೋಗೋರ ಲಿಸ್ಟು ಯಾರ್ ಹತ್ರ ಇರುತ್ತೆ? ನಾನ್ ಹೇಳ್ಬೇಕಾ?"

ಎಲ್ಲರ ಕಣ್ಣೂ ಕಾನ್‌ಸ್ಟೇಬಲ್ ಕೋಮಲಾಳ ಮೇಲೆ ಬಿತ್ತು. ಅವಳು ಮೋಹನ್‌ಕುಮಾರನನ್ನು ಒಮ್ಮೆ ನೋಡಿದಳು.

*

ವರ್ಷದ ಹಿಂದೆ ಇನ್‌ಸ್ಪೆಕ್ಟರ್ ವಿಜಯೀಂದ್ರ ಹೊಸ ಬೀಟ್ ಪದ್ಧತಿ ತಂದಿದ್ದರು. ರಸ್ತೆಗೊಬ್ಬ ಪೊಲೀಸು, ರಸ್ತೆಗೊಂದು ನಾಗರಿಕರ ಸಮಿತಿ. ಊರಿಗೆ ಹೋಗುವವರು ಕೋಮಲಾಗೆ ತಿಳಿಸಬೇಕು. ಅವಳು ತನ್ನ ಪುಸ್ತಕದಲ್ಲಿ ಬರೆದುಕೊಂಡು ಬೆಳಿಗ್ಗೆ, ಸಂಜೆ ಆ ಮನೆ ನೋಡಿ ಬರುತ್ತಾಳೆ. ಮೊದಲು ಪೊಲೀಸ್ ಜೀಪು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಹೆಂಗಸರು ಈಗ ಅವಳನ್ನು ಕರೆದು ಕಾಫಿ ಕೊಡುತ್ತಿದ್ದರು. ಇದಕ್ಕೆಲ್ಲ ಮುಖ್ಯ ಕಾರಣ ಸಮಿತಿಯಲ್ಲಿ ನಾನಿದ್ದದ್ದು.

ಆ ಸಂಜೆ ಇನ್‌ಸ್ಪೆಕ್ಟರ್ ಸಮಿತಿ ಕರೆದರು. ಮುಖ ಕೆಂಡವಾಗಿತ್ತು.

"ಮೇಲಿಂದ ಆರ್ಡರ್ ಬಂದಿದೆ. ಶನಿವಾರದೊಳಗೆ ಕಳ್ಳ ಸಿಗ್ಲಿಲ್ಲ ಅಂದ್ರೆ ಕೋಮಲಾ ಸಸ್ಪೆಂಡು. ಈ ಬೀಟ್ ಪದ್ಧತಿಯೂ ಕ್ಲೋಸು."

"ಭಾನುವಾರದಿಂದ ನಮ್ ಗಾರ್ಡ್‌ಗಳು ರೆಡಿ ಸಾರ್," ಎಂದ ಸಮಿತಿಯಲ್ಲೇ ಇದ್ದ ಮೋಹನ್‌ಕುಮಾರ್.

ಅಂದು ಮಂಗಳವಾರ. ನಾಲ್ಕೇ ದಿನ.

*

ಬುಧವಾರ ಬೆಳಿಗ್ಗೆಯೇ ನಾನು ಕಳ್ಳನನ್ನು ಹಿಡಿದೆ. ನಿಟ್ಟೂರಿನ ಹೂವಿನ ಚಿಕ್ಕರಂಗಯ್ಯ. ದಿನಾ ಎಲ್ಲ ಮನೆ ಬಾಗಿಲಿಗೂ ಬರುವವನು. ಕತ್ತಿನ ಪಟ್ಟಿ ಹಿಡಿದು ಎತ್ತಿದೆ. ಅವನ ಕಾಲು ನೆಲದಿಂದ ಮೂರಡಿ ಮೇಲಿತ್ತು.

"ಬುಡಿ ಸಾಮಿ! ನಾನು ಹತ್ತರ ರೈಲ್ಗೆ ಊರಿಗೋಯ್ತೀನಿ. ಮಧ್ಯಾನ್ದಾಗೆ ಹೊಲದಾಗಿರ್ತೀನಿ. ಸ್ಟೇಷನ್ನಾಗೆ ಎಲ್ರುನ್ನೂ ಕೇಳಿ!"

ಕೋಮಲಾ ಕೇಳಿ ಬಂದಳು. ನಿಜ. ಬಿಟ್ಟೆ. ಎರಡು ಮೊಳ ಮಲ್ಲಿಗೆ ಸುಮ್ಮನೆ ಕೊಳ್ಳಬೇಕಾಯಿತು.

ಕೋಮಲಾ ನಮ್ಮ ಜಗಲಿಯಲ್ಲಿ ಕೂತು ಪುಸ್ತಕ ಬಿಚ್ಚಿದಳು.

"ಅಂಕಲ್, ಇದರಲ್ಲಿ ಮೂರು ಮನೆ ಇದೆ. ಎರಡರಲ್ಲಿ ಕಳುವಾಗಿದೆ. ಮೂರನೇದು ಮಂಗಳಗೌರಿಯವರ ಮಹಡಿ ಮನೆ. ಹತ್ತು ದಿನದಿಂದ ಬೀಗ. ಅದನ್ನ ಯಾರೂ ಮುಟ್ಟಿಲ್ಲ."

"ಮೇಷ್ಟ್ರು ಮನೆ?"

"ಅದು ಪುಸ್ತಕದಲ್ಲೇ ಇಲ್ಲ! ಗಾಬರೀಲಿ ನನಗೆ ಹೇಳದೆ ಹೋಗಿದಾರೆ. ಅಂದ್ಮೇಲೆ ಕಳ್ಳ ನನ್ನ ಪುಸ್ತಕ ನೋಡಿಲ್ಲ. ಬೇರೆ ಏನನ್ನೋ ನೋಡ್ತಿದಾನೆ. ಮೇಷ್ಟ್ರು ಹೋಗಿದ್ದು ಯಾರಿಗೆ ಗೊತ್ತಿತ್ತು?"

"ನಂಗೊಬ್ಬಳ್ಗೇ ಕಣಮ್ಮಾ," ಎಂದು ನನ್ನ ಹೆಂಡತಿ ನರಸಿಂಹಮ್ಮ ಕಾಫಿ ತಂದಳು. "ಬಾಗ್ಲಿಗೆ ರಂಗೋಲಿ ಹಾಕಿ ಅಕ್ಕಾ ಅಂತ ಹೇಳಿ ಹೋದ್ರು. ದಿನಾ ಹಾಕ್ದೆ."

"ಮಹಡಿ ಮನೆಗೆ?"

"ಅಲ್ಲಿ ಎಲ್ಲಿ ಹಾಕ್ಲಿ? ಮೆಟ್ಲು ಹತ್ತಕ್ಕೆ ನನ್ ಮಂಡಿ ಕೇಳ್ಬೇಕಲ್ಲ!"

ಕೋಮಲಾ ಕಾಫಿ ಲೋಟ ಕೆಳಗಿಟ್ಟಳು.

"ಎಲ್ಲ ಬೀಗದ ಮನೆಗೂ ಒಂದೇ ರಂಗೋಲೀನಾ ಆಂಟಿ?"

"ಇನ್ನೇನಮ್ಮಾ? ನಮ್ಮನೆ ಮುಂದೆ ದಿನಕ್ಕೊಂದು ಥರ ಹಾಕ್ತೀನಿ. ಬೇರೆ ಮನೇಗೆ ಗಡಿಬಿಡೀಲಿ ಅದೇ ಏಳು ಚುಕ್ಕಿ ತಾವರೆ, ಮಧ್ಯ ಒಂಚೂರು ಅರಿಶಿನ."

ನಾನು ಆಕಾಶ ನೋಡಿದೆ. ಖಾಲಿ ಮನೆಯೆಂದು ಗೊತ್ತಾಗದಿರಲು ಬಾಗಿಲಿಗೆ ರಂಗೋಲಿ ಹಾಕಿಸಬೇಕೆಂದು ಸಮಿತಿಯ ಸಭೆಯಲ್ಲಿ ಮೇಜು ಕುಟ್ಟಿ ಹೇಳಿದ್ದು, ಹಾಕುವ ಕೆಲಸ ಹೆಂಡತಿಗೆ ಒಪ್ಪಿಸಿದ್ದು ಯಾರೆಂಬುದು ಆ ಹೊತ್ತಿನಲ್ಲಿ ಮುಖ್ಯವಾದ ವಿಷಯವಲ್ಲ.

*

ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ಲಕ್ಷ್ಮೀದೇವಮ್ಮನನ್ನು ನೆಂಟರ ಮನೆಗೆ ಕಳಿಸಿ, ಅವರ ಮನೆಗೆ ಹೊರಗಿನಿಂದ ಬೀಗ. ಮುಂದೆ ಏಳು ಚುಕ್ಕಿ ತಾವರೆ, ಮಧ್ಯ ಅರಿಶಿನ. ಒಳಗೆ ಇನ್‌ಸ್ಪೆಕ್ಟರ್, ಕೋಮಲಾ ಮತ್ತು ಲಟ್ಟಣಿಗೆ ಹಿಡಿದ ನಾನು.

ಹನ್ನೆರಡಾಯಿತು. ಒಂದಾಯಿತು. ಫ್ಯಾನಿಲ್ಲ, ಮಾತಿಲ್ಲ. ಕುಣಿಗಲ್ಲಿನ ಕುದುರೆ ಫಾರಂನ ಅಷ್ಟೂ ಕುದುರೆಗಳು ನನ್ನ ಎದೆಯೊಳಗೆ ಓಡುತ್ತಿದ್ದವು.

"ಬರ್ಲಿಲ್ಲ ಅಂದ್ರೆ?" ಕೋಮಲಾ ಪಿಸುಗುಟ್ಟಿದಳು.

"ನಾಳೆ ಶನಿವಾರ," ಎಂದರು ಇನ್‌ಸ್ಪೆಕ್ಟರ್.

ಎರಡೂಕಾಲು ಗಂಟೆಗೆ ಹಿಂಬಾಗಿಲು ಕಿರ್ರೆಂದಿತು. ಚಿಲಕ ನಿಧಾನವಾಗಿ ಮೇಲೆದ್ದಿತು. ಬಾಗಿಲು ತೆರೆಯಿತು.

ಕೋಮಲಾ ಹಾರಿ ಕೈ ತಿರುಚಿದಳು. ಕಬ್ಬಿಣದ ರಾಡು ನೆಲಕ್ಕೆ ಬಿತ್ತು. ನನ್ನ ಲಟ್ಟಣಿಗೆಯೂ ಬಿತ್ತು, ನನ್ನದೇ ಕಾಲ ಮೇಲೆ.

ಮೋಹನ್‌ಕುಮಾರ್!

"ಗ್ಯಾಸ್ ವಾಸನೆ ಬಂತು ಸಾರ್, ನೋಡೋಣ ಅಂತ..."

"ರಾಡ್ ಹಿಡ್ಕೊಂಡಾ?" ಎಂದರು ಇನ್‌ಸ್ಪೆಕ್ಟರ್.

*

ಅವನ ಅಂಗಡಿಯ ಕ್ಯಾಮೆರಾ ಡಬ್ಬಗಳಲ್ಲಿ ಬೆಳ್ಳಿ ದೀಪ, ಸರ ಎಲ್ಲವೂ ಸಿಕ್ಕವು. ಸಂಜೆ ರಸ್ತೆಗೆ ರಸ್ತೆಯೇ ಸೇರಿತ್ತು. ಹತ್ತು ಸಾವಿರ ಜನ. ಕಡಿಮೆಯೇ ಹೇಳುತ್ತಿದ್ದೇನೆ.

"ಮೊದಲಿಂದ ಇವರ ಮೇಲೆ ಅನುಮಾನ ಇತ್ತಾ?" ಮೇಷ್ಟ್ರು ಕೇಳಿದರು.

"ನಿಮ್ಮನೇಲಿ ಒಂದು ಮಾತಾಡಿದ್ರು ಸಾರ್," ಎಂದಳು ಕೋಮಲಾ. "ನೀವು ಪೊಲೀಸ್ಗೆ ಹೇಳಿ ಹೋಗಿದ್ರಿ ಅಂದ್ರು. ನೀವು ಹೇಳೇ ಇರ್ಲಿಲ್ಲ. ತಾವರೆ ಇರೋ ಮನೆ ಎಲ್ಲಾ ನನ್ನ ಪುಸ್ತಕದಲ್ಲಿರುತ್ತೆ ಅಂತ ಅವರ ಲೆಕ್ಕ. ಬೀಗದ ಮನೆಗೆ ಆಂಟಿ ರಂಗೋಲಿ ಹಾಕೋದು ಸಮಿತಿಯವರಿಗೆ ಮಾತ್ರ ಗೊತ್ತು. ಅದರಲ್ಲಿ ದಿನಾ ವಾಕಿಂಗ್ ಅಂತ ಇಡೀ ರಸ್ತೆ ಸುತ್ತೋರು ಇವರೊಬ್ಬರೇ. ಬೀಟ್ ಕೆಟ್ಟರೆ ತಾನೇ ಇವರ ಗಾರ್ಡ್‌ಗಳಿಗೆ ಕೆಲಸ?"

ಇನ್‌ಸ್ಪೆಕ್ಟರ್ ಸಸ್ಪೆನ್ಷನ್ ಕಾಗದವನ್ನು ನಾಲ್ಕು ಚೂರು ಮಾಡಿದರು. ಕೋಮಲಾ ಆ ಹೊತ್ತು ಮಾತ್ರ ಅತ್ತಳು. ಬೀಟ್ ಮುಂದುವರಿಯುತ್ತದೆ ಎಂದಾಗ ಲಕ್ಷ್ಮೀದೇವಮ್ಮ ಶಿಳ್ಳೆ ಹೊಡೆದರು.

"ಒಂದೇ ಪ್ರಶ್ನೆ ಉಳೀತು," ಎಂದರು ಇನ್‌ಸ್ಪೆಕ್ಟರ್. "ಈ ರಂಗೋಲಿ ಐಡಿಯಾ ಯಾರದು?"

ಜೀವಮಾನದಲ್ಲೇ ಮೊದಲ ಸಲ, ನನ್ನದೆಂದು ಹೇಳಿಕೊಳ್ಳುವ ಆಸೆ ನನಗಾಗಲಿಲ್ಲ. ಕೆಮ್ಮಿದೆ.

"ಇನ್ಯಾರ್ದು ಸಾರ್?" ನರಸಿಂಹಮ್ಮ ನನ್ನನ್ನು ಮುಂದಕ್ಕೆ ತಳ್ಳಿದಳು. "ನಾಳೆಯಿಂದ ಮಹಡಿ ಮನೆಗೆ ಇವರೇ ಹಾಕ್ತಾರೆ, ದಿನಕ್ಕೊಂದು ಥರ."

ಈಗ ದಿನಾ ಮೂವತ್ತೆರಡು ಮೆಟ್ಟಿಲು ಹತ್ತುತ್ತೇನೆ. ನನ್ನ ರಂಗೋಲಿ ನೋಡಲು ಕುಣಿಗಲ್ಲಿನಿಂದ ಸ್ಪೆಷಲ್ ಬಸ್ಸು ಬಿಟ್ಟಿದ್ದಾರೆ.